ಕೀನ್ಯಾ ಸಫಾರಿಗೆ ಡಿಸ್ಟಿಂಕ್ಷನ್, ಪಾಠ ಮಾಡಿಸಿದ್ದಕ್ಕೆ ಗ್ರೇಸ್ ಮಾರ್ಕ್ಸ್

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯ ನೋಡುವ ಆಸೆ ಇದ್ದರೆ, ಸಾಲ ಮಾಡದೆ ಹೋಗಲು ಆಗುವುದಾದರೆ, ಖಂಡಿತ ಹೋಗಿ. ಆದರೆ ‘ವನ್ಯಜೀವಿ ಶಿಕ್ಷಣ ಸ್ವಯಂಸೇವೆ ಮತ್ತು ಸಫಾರಿ’ ಅಂತ ಎರಡನ್ನೂ ಒಂದೇ ಪ್ಯಾಕೇಜಿನಲ್ಲಿ ಕಟ್ಟಿ ಮಾರುವವರಿಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಂದು ಸಲ ಓದಿಬಿಡಿ. ಸಂಸ್ಥೆ ನಮ್ಮ ಬೆಂಗಳೂರಿನದೇ. ಹೆಸರು ಬರೆಯುವುದಿಲ್ಲ. ಇಂಥ ಪ್ಯಾಕೇಜು ಮಾರುವವರು ಈಗ ಬೇಕಾದಷ್ಟು ಜನ ಇದ್ದಾರೆ, ಕೇಳಬೇಕಾದ ಪ್ರಶ್ನೆಗಳು ಎಲ್ಲರಿಗೂ ಒಂದೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾದವಳು. ಮನೆ ಹನುಮಂತನಗರ. ಆನೇಕಲ್ ತಾಲ್ಲೂಕಿನಲ್ಲಿ ಬನ್ನೇರುಘಟ್ಟ ಕಾಡಿನ ಅಂಚಿಗಿರುವ ಸರ್ಕಾರಿ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಾಡಿನ ಬಗ್ಗೆ ಹೇಳಿಕೊಡುವ ಗುಂಪೊಂದರಲ್ಲಿ ಇದ್ದೇನೆ. ಆ ಮಕ್ಕಳಿಗೆ ಆನೆ ಅಂದರೆ ಪುಸ್ತಕದ ಚಿತ್ರ ಅಲ್ಲ. ರಾಗಿ ತೆನೆ ಕಟ್ಟುವ ಹೊತ್ತಿಗೆ ಹೊಲಕ್ಕೇ ಬರುತ್ತದೆ. ಅಪ್ಪಂದಿರು ರಾತ್ರಿಯೆಲ್ಲ ಕಾವಲು ಕೂತು ಬೆಳಗ್ಗೆ ನಿದ್ದೆಗಣ್ಣಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅಂಥ ಮನೆಯ ಹುಡುಗನಿಗೆ ‘ಆನೆ ನಮ್ಮ ಹೆಮ್ಮೆ’ ಅಂತ ಹಾಡು ಹೇಳಿಕೊಟ್ಟರೆ ಅವನು ನಗುತ್ತಾನೆ. ಕೀನ್ಯಾದಲ್ಲಿ ಇದೇ ಕಷ್ಟವನ್ನು ಹೇಗೆ ಕಲಿಸುತ್ತಾರೆ ಅಂತ ನೋಡಬೇಕಿತ್ತು. ತಂಗಿಗೆ ಸಿಂಹ ನೋಡಬೇಕಿತ್ತು. ಇಬ್ಬರೂ ಸೇರಿ ದುಡ್ಡು ಕಟ್ಟಿದೆವು.

ವಿಮಾನದ ಟಿಕೆಟ್ ಸೇರಿ ತಲಾ ಮೂರೂವರೆ ಲಕ್ಷದ ಆಸುಪಾಸು. ಅದರಲ್ಲಿ ‘ವಾಲಂಟಿಯರ್ ಶುಲ್ಕ’ ಅಂತ ಬೇರೆಯೇ ಒಂದು ಸಾಲು ಇತ್ತು. ಇದರಲ್ಲಿ ಆ ಶಾಲೆಗೆ ಎಷ್ಟು ಹೋಗುತ್ತದೆ ಅಂತ ಕೇಳಿದೆ. ‘ಎಲ್ಲಾ ಸೇರಿಯೇ ಮೇಡಂ’ ಅಂದ ಆಫೀಸಿನ ಹುಡುಗ. ಎಲ್ಲಾ ಅಂದರೆ ಏನೇನಪ್ಪಾ ಅಂದೆ. ಟೀ ಶರ್ಟ್, ಟೋಪಿ, ಸರ್ಟಿಫಿಕೇಟ್, ಪೇಂಟು, ಬ್ರಷ್ಷು. ಶಾಲೆಯ ಹೆಸರು ಆ ಪಟ್ಟಿಯಲ್ಲಿ ಬರಲೇ ಇಲ್ಲ.

ಹೊರಡುವ ಮುಂಚಿನ ಕೆಲಸದಲ್ಲಿ ಮಾತ್ರ ಅವರನ್ನು ಹೊಗಳಲೇಬೇಕು. ಕೀನ್ಯಾಕ್ಕೆ 2024ರಿಂದ ಹಳೇ ವೀಸಾ ಪದ್ಧತಿ ಇಲ್ಲ, ಆನ್‌ಲೈನಿನಲ್ಲಿ ಇ-ಟಿಎ ಅಂತ ಪ್ರಯಾಣದ ಅನುಮತಿ ಪಡೆಯಬೇಕು. ಅದನ್ನೆಲ್ಲ ಅವರೇ ಮಾಡಿಕೊಟ್ಟರು. ಹಳದಿ ಜ್ವರದ ಲಸಿಕೆ ಬಗ್ಗೆ ಎರಡೆರಡು ಸಲ ಫೋನ್ ಮಾಡಿ ನೆನಪಿಸಿದರು. ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಆ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಕ್ವಾರಂಟೈನ್. ಲಸಿಕೆ ಹಾಕಿಸಿ ಹತ್ತು ದಿನ ಆದಮೇಲಷ್ಟೇ ಅದಕ್ಕೆ ಮಾನ್ಯತೆ, ಹಾಗಾಗಿ ಕಡೇ ವಾರದಲ್ಲಿ ಓಡಾಡಿದರೆ ಆಗುವುದಿಲ್ಲ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರು ಮೊದಲು ನಿಮ್ಮ ಡಾಕ್ಟರನ್ನು ಕೇಳಿ, ಆ ವಯಸ್ಸಿನವರಿಗೆ ಈ ಲಸಿಕೆ ಕೊಡುವ ಮುಂಚೆ ಸ್ವಲ್ಪ ಯೋಚನೆ ಮಾಡುತ್ತಾರೆ. ಮಲೇರಿಯಾ ಮಾತ್ರೆಯನ್ನೂ ಅದೇ ಭೇಟಿಯಲ್ಲಿ ಕೇಳಿಬಿಡಿ.

ಆದರೆ ಒಂದನ್ನು ಅವರು ಕೇಳಲೇ ಇಲ್ಲ. ಮಕ್ಕಳ ಜೊತೆ ಕೆಲಸ ಮಾಡಲು ಹೊರಟವರು ಯಾರು, ಎಂಥವರು? ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಸಿಗುತ್ತದೆ, ದೊಡ್ಡ ಖರ್ಚೇನೂ ಇಲ್ಲ. ನನ್ನ ಹತ್ತಿರ ಇತ್ತು, ಕೊಡಲು ಹೋದರೆ ‘ಅದೆಲ್ಲ ಬೇಡ ಮೇಡಂ’ ಅಂದರು. ನನ್ನ ಸರ್ವೀಸಿನಲ್ಲಿ ಶಾಲೆಯ ಗೇಟಿನೊಳಗೆ ಯಾರನ್ನೂ ಹೀಗೆ ಬಿಟ್ಟುಕೊಂಡಿಲ್ಲ. ಇನ್ನೊಂದು ವಿಷಯ. ಪ್ರವಾಸಕ್ಕೆ ಅಂತ ಪಡೆದ ಅನುಮತಿಯಲ್ಲಿ ಕೆಲಸ ಮಾಡುವ ಹಾಗಿಲ್ಲ, ಸಂಬಳ ಇಲ್ಲದ ಕೆಲಸಕ್ಕೂ ಅಲ್ಲಿ ಬೇರೆ ಪಾಸ್ ಬೇಕಾಗುತ್ತದೆ. ಅದನ್ನು ಯಾರು ಮಾಡಿಸುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಬೆಂಗಳೂರಿನಿಂದ ಮುಂಬೈ, ಅಲ್ಲಿಂದ ನೈರೋಬಿ. ಗಡಿಯಾರ ಎರಡೂವರೆ ಗಂಟೆ ಹಿಂದಕ್ಕೆ. ನೈರೋಬಿಯಲ್ಲಿ ಚಳಿ. ಜುಲೈ ಅಲ್ಲಿ ತಣ್ಣಗಿರುವ ಕಾಲ, ಆಫ್ರಿಕಾ ಅಂದರೆ ಸೆಖೆ ಅಂತ ಬರೀ ಕಾಟನ್ ತಂದವರೆಲ್ಲ ನಡುಗಿದರು.

ನೈರೋಬಿಯಲ್ಲಿ ಕಳೆದ ಹೊತ್ತು ಚೊಕ್ಕ ಬಂಗಾರ. ಶೆಲ್ಡ್ರಿಕ್ ವೈಲ್ಡ್‌ಲೈಫ್ ಟ್ರಸ್ಟಿನ ಆನೆಮರಿ ನರ್ಸರಿ ಜನರಿಗೆ ತೆರೆಯುವುದು ಬೆಳಗ್ಗೆ 11ರಿಂದ 12, ಅಷ್ಟೇ. ಮುಂಚೆಯೇ ಬುಕ್ ಮಾಡಿರಬೇಕು. ಡ್ಯಾಫ್ನಿ ಶೆಲ್ಡ್ರಿಕ್ 1977ರಲ್ಲಿ ಗಂಡನ ನೆನಪಿನಲ್ಲಿ ಶುರು ಮಾಡಿದ ಸಂಸ್ಥೆ. ತಾಯಿ ಕಳೆದುಕೊಂಡ ಮರಿಗಳಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಾರೆ, ರಾತ್ರಿ ಪಾಲಕರು ಸರದಿ ಮೇಲೆ ಅವುಗಳ ಪಕ್ಕದಲ್ಲೇ ಮಲಗುತ್ತಾರೆ. ದೊಡ್ಡವಾದ ಮೇಲೆ ತ್ಸಾವೋ ರಾಷ್ಟ್ರೀಯ ಉದ್ಯಾನದ ಕಡೆ ಕರೆದುಕೊಂಡು ಹೋಗಿ ವರ್ಷಗಟ್ಟಲೆ ಸಮಯ ತೆಗೆದುಕೊಂಡು ಕಾಡಿಗೆ ಬಿಡುತ್ತಾರೆ. ಇದನ್ನೆಲ್ಲ ಒಬ್ಬ ಪಾಲಕ ಮೈಕ್ ಹಿಡಿದು ಹೇಳಿದ. ಮರಿ ಯಾಕೆ ಅನಾಥವಾಯಿತು ಅನ್ನುವುದನ್ನೂ ಬಿಡಲಿಲ್ಲ. ಬರ, ಬಾವಿಗೆ ಬಿದ್ದಿದ್ದು, ದಂತದ ಬೇಟೆ, ಹೊಲದವರ ಜೊತೆ ಜಗಳ. ಅಲ್ಲಿನ ಶಾಲೆಮಕ್ಕಳು ಯೂನಿಫಾರಂನಲ್ಲಿ ಹಗ್ಗದ ಪಕ್ಕ ಕೂತಿದ್ದರು. ಒಂದು ಗಂಟೆಯಲ್ಲಿ ಇಷ್ಟು ಪಾಠ ಮಾಡಲು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?

ಜಿರಾಫೆ ಸೆಂಟರಿನಲ್ಲಿ ಎತ್ತರದ ಕಟ್ಟೆ ಮೇಲೆ ನಿಂತು ಜಿರಾಫೆಗೆ ತಿಂಡಿ ಕೊಡುವುದೇ ಎಲ್ಲರಿಗೂ ದೊಡ್ಡ ಸಂಭ್ರಮ. ನನಗೆ ಅದರ ಲೆಕ್ಕ ಇಷ್ಟವಾಯಿತು. ನಮ್ಮಂಥವರು ಕೊಡುವ ಟಿಕೆಟ್ ದುಡ್ಡಿನಿಂದ ಕೀನ್ಯಾದ ಶಾಲೆಮಕ್ಕಳಿಗೆ ಪರಿಸರ ಪಾಠ ನಡೆಯುತ್ತದೆ. ಪ್ರವಾಸಿ ದುಡ್ಡು ಕೊಡಬೇಕು, ಪಾಠ ಊರಿನವರು ಮಾಡಬೇಕು. ಪಟ್ಟಾಗಿ ಹಿಡಿಸಿತು ನನಗೆ.

ಅಲ್ಲಿಂದ ಮಾರಾ ಕಡೆಗೆ. ರಿಫ್ಟ್ ಕಣಿವೆಯ ಅಂಚಿನಲ್ಲಿ ಚಹಾ, ನರೋಕ್‌ನಲ್ಲಿ ಊಟ. ಶಾಲೆ ಇದ್ದಿದ್ದು ಮಾರಾದ ಸೆಕೆನಾನಿ ಗೇಟಿನ ಕಡೆಯ ಒಂದು ಹಳ್ಳಿಯಲ್ಲಿ. ಇಲ್ಲಿಂದ ನನ್ನ ದೂರು ಶುರು.

ನಾವು ಹೋಗಿದ್ದು ಜುಲೈ ಕೊನೆಗೆ. ವೈಲ್ಡ್‌ಬೀಸ್ಟ್ ಅನ್ನುವ ದೊಡ್ಡ ಜಿಂಕೆ ಜಾತಿಯ ಪ್ರಾಣಿಗಳ ಹಿಂಡುಗಳು ಪಕ್ಕದ ತಾಂಜಾನಿಯಾದ ಸೆರೆಂಗೆಟಿಯಿಂದ ಮಾರಾಕ್ಕೆ ಬರುವ ಕಾಲ ಅಂತ ಆ ತಾರೀಕು ಇಟ್ಟಿದ್ದರು. ಸರಿ. ಆದರೆ ಕೀನ್ಯಾದ ಶಾಲೆಗಳಿಗೆ ಎರಡನೇ ಟರ್ಮ್ ಮುಗಿದು ಆಗಸ್ಟ್ ರಜ ಶುರುವಾಗುವುದೂ ಅದೇ ಹೊತ್ತಿಗೆ! ನಾವು ತಲುಪಿದಾಗ ಪರೀಕ್ಷೆ ನಡೆಯುತ್ತಿತ್ತು. ಮೇಷ್ಟ್ರುಗಳು ಪೇಪರ್ ತಿದ್ದುತ್ತಾ ಕೂತಿದ್ದರು. ಪರೀಕ್ಷೆ ವಾರದಲ್ಲಿ ಹತ್ತು ಜನ ಹೊರಗಿನವರು ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ನನ್ನ ಶಾಲೆಗೆ ನುಗ್ಗಿದ್ದರೆ ನಾನು ಕಾಫಿ ಕೊಟ್ಟು ವಾಪಸ್ ಕಳಿಸುತ್ತಿದ್ದೆ. ಅವರು ಪಾಪ ಕುರ್ಚಿ ಹಾಕಿ ಕೂರಿಸಿದರು. ಅಲ್ಲಿನ ಶಾಲೆಯ ಕ್ಯಾಲೆಂಡರ್ ಗುಟ್ಟಿನ ಕಾಗದವೇನಲ್ಲ. ಆ ದೇಶಕ್ಕೆ ಶಿಕ್ಷಣದ ಟೂರ್ ಮಾರುವವರು ಅದನ್ನು ನೋಡದೆ ಇರುವುದು ಅಂದರೆ ಏನು ಹೇಳಬೇಕು?

ಮಕ್ಕಳು ಸಿಗದ ಹೊತ್ತಿನಲ್ಲಿ ನಮಗೆ ಕೊಟ್ಟ ಕೆಲಸ ಗೋಡೆಗೆ ಪ್ರಾಣಿಗಳ ಚಿತ್ರ ಬಿಡಿಸುವುದು. ಗೋಡೆ ಹೊಸದಾಗಿ ಸುಣ್ಣ ಕಂಡಿತ್ತು. ಸುಣ್ಣದ ಅಡಿಯಿಂದ ಒಂದು ಸೊಂಡಿಲು ಮಸುಕಾಗಿ ಕಾಣುತ್ತಿತ್ತು. ವಿಚಾರಿಸಿದರೆ, ಹಿಂದಿನ ಗುಂಪಿನವರೂ ಇದೇ ಗೋಡೆಗೆ ಆನೆ ಬಿಡಿಸಿದ್ದರಂತೆ. ಮುಂದಿನ ಗುಂಪು ಬರುವ ಮುಂಚೆ ನಮ್ಮ ಆನೆಗೂ ಸುಣ್ಣ. ನಮ್ಮ ಜೊತೆ ಬಂದಿದ್ದ ಐಟಿ ದಂಪತಿಗೆ ಸಿಟ್ಟೇ ಬಂತು. ಕಾಲೇಜು ಹುಡುಗಿಯೊಬ್ಬಳು ಮಾತ್ರ ‘ಪರವಾಗಿಲ್ಲ ಆಂಟಿ, ಸರ್ಟಿಫಿಕೇಟ್ ಸಿಕ್ಕರೆ ಸಾಕು’ ಅಂದಳು. ಲ್ಯಾಮಿನೇಟ್ ಮಾಡಿದ ಆ ಸರ್ಟಿಫಿಕೇಟನ್ನು ಕೆಲಸ ಮುಗಿಯುವ ಮುಂಚೆಯೇ ಹಂಚಿಬಿಟ್ಟರು. ‘ವನ್ಯಜೀವಿ ಸಂರಕ್ಷಣಾ ಶಿಕ್ಷಕಿ’ ಅಂತೆ ನಾನು. ನಮ್ಮ ಇಲಾಖೆಯಲ್ಲಿ ಒಂದು ಬಡ್ತಿಗೆ ಎಷ್ಟು ವರ್ಷ ಕಾಯುತ್ತಿದ್ದೆವು!

ಈ ಎಲ್ಲದರ ನಡುವೆ ಒಂದು ಒಳ್ಳೆಯ ಮಧ್ಯಾಹ್ನ ಸಿಕ್ಕಿತು. ಅದಕ್ಕೆ ಟೂರಿನವರು ಕಾರಣರಲ್ಲ. ಆ ಶಾಲೆಯಲ್ಲಿ ವನ್ಯಜೀವಿ ಕ್ಲಬ್ ಇದೆ. ಕೀನ್ಯಾದಲ್ಲಿ ವೈಲ್ಡ್‌ಲೈಫ್ ಕ್ಲಬ್ಸ್ ಆಫ್ ಕೀನ್ಯಾ ಅಂತ 1968ರಲ್ಲೇ ಶುರುವಾದ ಚಳವಳಿಯೊಂದಿದೆ. ದೇಶದ ತುಂಬ ಶಾಲೆಗಳಲ್ಲಿ ಅದರ ಕ್ಲಬ್‌ಗಳಿವೆ. ನಮ್ಮಲ್ಲಿ ಹುಲಿ ಯೋಜನೆ ಬಂದಿದ್ದೇ 1973ರಲ್ಲಿ, ನೆನಪಿರಲಿ. ಕ್ಲಬ್ ನೋಡಿಕೊಳ್ಳುವ ಮೇಷ್ಟ್ರು ಪೇಪರ್ ತಿದ್ದಿ ಮುಗಿಸಿ, ಪರೀಕ್ಷೆ ಮುಗಿದಿದ್ದ ಮಕ್ಕಳನ್ನು ಮರದ ಕೆಳಗೆ ಕೂರಿಸಿದರು. ನಾನು ಬೆಂಗಳೂರಿನಿಂದ ಹುಲಿ ಮತ್ತು ಕರಡಿಯ ಹೆಜ್ಜೆ ಗುರುತಿನ ಪ್ಲಾಸ್ಟರ್ ಅಚ್ಚು ಒಯ್ದಿದ್ದೆ. ಮಕ್ಕಳು ಹುಲಿ ಹೆಜ್ಜೆ ಮೇಲೆ ಕೈಯಿಟ್ಟು ಅಳತೆ ನೋಡಿದರು. ಆಫ್ರಿಕಾದಲ್ಲಿ ಹುಲಿ ಇಲ್ಲ, ಅವರಿಗೆ ಅದು ದೂರದೇಶದ ಪ್ರಾಣಿ. ಆಮೇಲೆ ಒಬ್ಬಳು ಹುಡುಗಿ ನೇರವಾಗಿ ಕೇಳಿದಳು: ನಿಮ್ಮೂರಲ್ಲಿ ಆನೆ ಮನುಷ್ಯನನ್ನು ಕೊಂದರೆ ಸರ್ಕಾರ ಏನು ಕೊಡುತ್ತದೆ?

ಆನೇಕಲ್ ಮಕ್ಕಳೂ ಮೊದಲು ಕೇಳುವುದು ಇದನ್ನೇ. ಅಲ್ಲಿ 2013ರ ವನ್ಯಜೀವಿ ಕಾನೂನಿನ ಪ್ರಕಾರ ಸಾವಿಗೆ 50 ಲಕ್ಷ ಶಿಲ್ಲಿಂಗ್ ಪರಿಹಾರ ಅಂತ ಇದೆ. ಕೈಗೆ ಬರುವುದು ಯಾವಾಗ ಅನ್ನುವುದು ಬೇರೆ ಮಾತು ಅಂತ ಮೇಷ್ಟ್ರು ನಕ್ಕರು. ಆ ನಗುವಿನ ಅರ್ಥ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಮಕ್ಕಳೇ ನಮಗೆ ಪಾಠ ಮಾಡಿದರು. ದನ ಕಟ್ಟುವ ಮುಳ್ಳುಬೇಲಿಯ ದೊಡ್ಡಿಗೆ ಅವರು ಬೋಮಾ ಅನ್ನುತ್ತಾರೆ. ರಾತ್ರಿ ಸಿಂಹ ಬಂದು ದನ ಹೊಡೆಯುತ್ತದೆ, ಸಿಟ್ಟಿಗೆ ಜನ ಸಿಂಹ ಕೊಲ್ಲುತ್ತಾರೆ. ನೈರೋಬಿ ರಾಷ್ಟ್ರೀಯ ಉದ್ಯಾನದ ಪಕ್ಕದಲ್ಲಿದ್ದ ರಿಚರ್ಡ್ ಟುರೆರೆ ಅನ್ನುವ ಮಸಾಯಿ ಬುಡಕಟ್ಟಿನ ಹುಡುಗ ಇದಕ್ಕೊಂದು ಉಪಾಯ ಮಾಡಿದ. ಹಳೇ ಕಾರ್ ಬ್ಯಾಟರಿ, ಬೈಕಿನ ಇಂಡಿಕೇಟರ್ ಪೆಟ್ಟಿಗೆ, ಟಾರ್ಚಿನ ಬಲ್ಬು, ಸೋಲಾರ್ ಪ್ಯಾನೆಲ್ ಸೇರಿಸಿ ಬೇಲಿ ಸುತ್ತ ಮಿನುಗುವ ದೀಪ ಕಟ್ಟಿದ. ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆ ಅಂತ ಸಿಂಹ ಹತ್ತಿರ ಬರುವುದಿಲ್ಲ. ಅವನು 2013ರಲ್ಲಿ ಟೆಡ್ ಅನ್ನುವ ಭಾಷಣ ವೇದಿಕೆಯ ಮೇಲೆ ನಿಂತು ಇದನ್ನು ಜಗತ್ತಿಗೇ ಹೇಳಿದ. ಈ ಶಾಲೆಯ ಮಕ್ಕಳು ಆ ಸರ್ಕ್ಯೂಟನ್ನು ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದರು. ಎಂಟನೇ ಕ್ಲಾಸಿನ ವಿದ್ಯುತ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇಷ್ಟು ವರ್ಷ ಸಿಕ್ಕಿರಲಿಲ್ಲ. ತ್ಸಾವೋ ಕಡೆ ಲೂಸಿ ಕಿಂಗ್ ಅನ್ನುವ ಸಂಶೋಧಕಿ ಹೊಲದ ಸುತ್ತ ಜೇನುಪೆಟ್ಟಿಗೆ ತೂಗುಹಾಕಿ ಆನೆ ತಡೆಯುವುದನ್ನು ಮೇಷ್ಟ್ರು ವಿವರಿಸಿದರು. ಬೇಲಿ ತಂತಿ ಅಲುಗಿದರೆ ಜೇನು ಏಳುತ್ತದೆ, ಆನೆಗೆ ಜೇನು ಅಂದರೆ ಭಯ. ನಮ್ಮ ಕೊಡಗಿನಲ್ಲೂ 2021ರಲ್ಲಿ ಖಾದಿ ಆಯೋಗದವರು ಜೇನುಪೆಟ್ಟಿಗೆ ಇಟ್ಟು ಇದನ್ನು ಶುರು ಮಾಡಿದರು ಅಂತ ನಾನು ಹೇಳಿದೆ. ಮೇಷ್ಟ್ರು ನೋಟ್‌ಬುಕ್ ತೆಗೆದು ಬರೆದುಕೊಂಡರು, ನಾನೂ ಬರೆದುಕೊಂಡೆ. ಆ ಮಧ್ಯಾಹ್ನಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಟಿಪ್ಪಣಿ ಏನೆಂದರೆ, ಕಾರ್ಯಕ್ರಮದ ಪಟ್ಟಿಯಲ್ಲಿ ಆ ಹೊತ್ತಿಗೆ ‘ಫ್ರೀ ಟೈಮ್’ ಅಂತ ಇತ್ತು.

ನಿಮಗೆ ನಿಜಕ್ಕೂ ಏನು ಬೇಕು ಅಂತ ಮೇಷ್ಟ್ರನ್ನು ಕೇಳಿದೆ. ಬಸ್ಸು ಅಂದರು. ಗೇಟು ಅಷ್ಟು ಹತ್ತಿರ ಇದ್ದರೂ ಕ್ಲಬ್ಬಿನ ಎಷ್ಟೋ ಮಕ್ಕಳು ಮಾರಾದ ಒಳಗೆ ಕಾಲಿಟ್ಟಿಲ್ಲ. ಸಿಂಹ ಅವರಿಗೆ ದನ ತಿನ್ನುವ ಪ್ರಾಣಿ, ಅದು ಹುಲ್ಲಿನಲ್ಲಿ ಮರಿ ಜೊತೆ ಆಡುವುದನ್ನು ನೋಡಿಲ್ಲ. ನಮ್ಮ ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಮಾಡುವುದು ಇದೇ ಕೆಲಸ, ಸರ್ಕಾರಿ ಶಾಲೆ ಮಕ್ಕಳನ್ನು ಕಾಡಿನೊಳಗೆ ಕರೆದೊಯ್ಯುವುದು. ನಮ್ಮ ಟೀ ಶರ್ಟು, ಟೋಪಿ, ಪೇಂಟಿನ ದುಡ್ಡಿನಲ್ಲಿ ಆ ಮಕ್ಕಳಿಗೆ ಒಂದು ಬಸ್ಸು ಬರುತ್ತಿತ್ತು. ಇದನ್ನೇ ಟೂರಿನ ಜೊತೆ ಬಂದಿದ್ದ ಹುಡುಗನಿಗೆ ಹೇಳಿದೆ. ‘ಒಳ್ಳೆ ಸಜೆಶನ್ ಮೇಡಂ’ ಅಂದ.

ಈಗ ಸಫಾರಿ. ಇಲ್ಲಿ ಬೈಯಲು ನನಗೆ ಹೆಚ್ಚೇನೂ ಇಲ್ಲ.

ಮಾರಾ ನ್ಯಾಷನಲ್ ರಿಸರ್ವ್ ಸುಮಾರು 1,510 ಚದರ ಕಿಲೋಮೀಟರ್. ನೋಡಿಕೊಳ್ಳುವುದು ನರೋಕ್ ಕೌಂಟಿ. ವಿದೇಶಿಯರಿಗೆ ಪ್ರವೇಶ ಶುಲ್ಕ 2024ರಿಂದ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಜೂನ್ 30 ಕಳೆದರೆ ಡಬಲ್! ವೈಲ್ಡ್‌ಬೀಸ್ಟ್ ನದಿ ದಾಟುವುದನ್ನು ನೋಡಲೇಬೇಕು ಅನ್ನುವ ಹಟ ಇಲ್ಲದಿದ್ದರೆ ಜೂನ್‌ನಲ್ಲಿ ಹೋಗಿ. ದುಡ್ಡೂ ಉಳಿಯುತ್ತದೆ, ಶಾಲೆಯೂ ತೆರೆದಿರುತ್ತದೆ.

ನದಿ ದಾಟುವ ಜಾಗ ನನಗೆ ಅಷ್ಟೇನೂ ಹಿಡಿಸಲಿಲ್ಲ. ಮಾರಾ ನದಿಯ ದಡದಲ್ಲಿ ಬಸವನಗುಡಿ ಕಡಲೆಕಾಯಿ ಪರಿಷೆಯಷ್ಟು ಗದ್ದಲ. ಗಾಡಿ ಮೇಲೆ ಗಾಡಿ. ಹಿಂಡು ಇಳಿಯುವ ದಾರಿಗೇ ಅಡ್ಡ ನಿಲ್ಲಿಸಿದ್ದವರೂ ಇದ್ದರು. ನಮ್ಮ ಡ್ರೈವರ್ ಗೈಡ್ ದೂರದ ದಿಣ್ಣೆ ಮೇಲೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದರು. ಹತ್ತಿರ ಹೋಗೋಣ ಅಂತ ಗುಂಪಿನವರು ಗೊಣಗಿದರು. ಅವರು ಜಗ್ಗಲಿಲ್ಲ. ಅಲ್ಲೇ ನನಗೆ ಅವರ ಮೇಲೆ ಗೌರವ ಬಂದಿದ್ದು. ಹುಲಿ, ಸಿಂಹದಂಥ ಪ್ರಾಣಿ ಕಂಡರೆ ಹತ್ತಾರು ಜೀಪು ಮುತ್ತುವುದು ನಮಗೂ ಹೊಸತಲ್ಲ. ಮಾರಾದಲ್ಲಿ ಒಂದು ಸಿಂಹದ ಸುತ್ತ ಐದಕ್ಕಿಂತ ಜಾಸ್ತಿ ಗಾಡಿ ನಿಲ್ಲಬಾರದು ಅಂತ ನಿಯಮ ಇದೆ. ಪಾಲಿಸುವುದು ಗೈಡ್ ಮೇಲೆ ನಿಂತಿದೆ.

ಕೀನ್ಯಾದಲ್ಲಿ ಸಫಾರಿ ಗೈಡ್‌ಗಳಿಗೆ ಅವರದೇ ಸಂಘ ಪರೀಕ್ಷೆ ನಡೆಸುತ್ತದೆ. ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ಮೂರು ಹಂತ. ನಮ್ಮವರು ಸಿಲ್ವರ್. ಬುಕ್ ಮಾಡುವಾಗ ಹೋಟೆಲಿನ ಸ್ಟಾರ್ ಕೇಳಬೇಡಿ, ಗೈಡಿನ ಬ್ಯಾಡ್ಜ್ ಕೇಳಿ. ಹುತ್ತದ ಮೇಲೆ ನಿಂತ ‘ಟೋಪಿ’ ಅನ್ನುವ ಜಾತಿಯ ಜಿಂಕೆಗಳು ಒಂದೇ ದಿಕ್ಕಿಗೆ ನೋಡುತ್ತಿದ್ದರೆ ಅಲ್ಲಿ ಬೇಟೆಗಾರ ಪ್ರಾಣಿ ಇದೆ ಅಂತ ತೋರಿಸಿಕೊಟ್ಟವರು ಅವರೇ. ಹಾಗೆಯೇ ಹೋಗಿ ನೋಡಿದರೆ ಚೀತಾ! ಕೆನ್ನೆ ಮೇಲೆ ಕಣ್ಣೀರಿನಂತೆ ಇಳಿದ ಕಪ್ಪು ಗೆರೆ, ಅದರಿಂದಲೇ ಚಿರತೆಯಿಂದ ಬೇರೆ ಅಂತ ಗೊತ್ತಾಗುತ್ತದೆ. ‘ಅಕ್ಕಾ, ಕುನೋಗೆ ತಂದಿದ್ದು ಇದನ್ನೇ ಅಲ್ವಾ?’ ಅಂದಳು ತಂಗಿ. ಗೈಡ್‌ಗೆ ನಮ್ಮ ಮಧ್ಯಪ್ರದೇಶದ ಕುನೋ ಕಾಡಿನ ಹೆಸರು ಕೇಳಿದ್ದೇ ಸಾಕಾಯಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಹೋಗಿದ್ದು ಅಂತ ಅವರೇ ಹೇಳಿದರು, ಅವು ಹೇಗಿವೆ ಅಂತ ನಮ್ಮನ್ನೇ ಕೇಳಿದರು.

ಆನೆ ನೋಡಿದಾಗ ತಂಗಿ ಇನ್ನೊಂದು ಗಮನಿಸಿದಳು. ಮರಿ ಜೊತೆ ಇದ್ದ ಹೆಣ್ಣಾನೆಗೂ ದಂತ. ನಮ್ಮ ಕಬಿನಿಯಲ್ಲಿ ಹೆಣ್ಣಿಗೆ ಹೊರಗೆ ಕಾಣುವ ದಂತ ಇರುವುದಿಲ್ಲ. ಇಲ್ಲಿ ಗಂಡು ಹೆಣ್ಣು ಎರಡಕ್ಕೂ ಇದೆ. ದಂತದ ಬೇಟೆ ಜೋರಾಗಿದ್ದಾಗ ತಾಯಂದಿರೂ ಸತ್ತಿದ್ದು ಅದಕ್ಕೇ, ನೈರೋಬಿಯ ನರ್ಸರಿ ತುಂಬಿದ್ದೂ ಅದಕ್ಕೇ. ಸೊಂಡಿಲಿನ ತುದಿಯಲ್ಲಿ ನಮ್ಮದಕ್ಕೆ ಒಂದು ಬೆರಳು, ಅವಕ್ಕೆ ಎರಡು. ಹುಲ್ಲು ಕೀಳುವಾಗ ಬೈನಾಕ್ಯುಲರ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಹಕ್ಕಿಗಳ ಬಗ್ಗೆ ಬರೆಯಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ, ಹಾಗಾಗಿ ಒಂದೇ ಒಂದು. ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ನೆಂಟ ಅಲ್ಲಿದೆ, ಎದೆಗೆ ನೇರಳೆ ಬಣ್ಣ, ಪ್ರತಿ ಒಣಕೊಂಬೆಯ ಮೇಲೂ. ಸಿಂಹಕ್ಕಿಂತ ಅದರ ಫೋಟೊಗಳೇ ನನ್ನ ಹತ್ತಿರ ಜಾಸ್ತಿ ಇವೆ.

ಊಟ ಚೆನ್ನಾಗಿತ್ತು. ಚಪಾತಿ ಅಲ್ಲಿ ಅವರದೇ ತಿಂಡಿ ಆಗಿಬಿಟ್ಟಿದೆ, ಹೆಸರುಕಾಳಿನ ಸಾರು ಮಾಡುತ್ತಾರೆ, ಸೊಪ್ಪಿನ ಪಲ್ಯ ದಿನಾ ಇರುತ್ತದೆ. ‘ಶುದ್ಧ ದಕ್ಷಿಣ ಭಾರತೀಯ ಊಟ’ ಅಂತ ಬ್ರೋಷರಿನಲ್ಲಿ ಬರೆದಿದ್ದು ಸುಮ್ನೆ. ಅದರ ಅಗತ್ಯವೂ ಇರಲಿಲ್ಲ.

ಹೊರಡುವವರಿಗೆ ಇನ್ನೆರಡು ಮಾತು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ, ಅದೂ ಕಟ್ಟುನಿಟ್ಟಾಗಿ. ಚಪ್ಪಲಿಗೊಂದು ಕವರ್, ಕೋಡುಬಳೆಗೊಂದು ಕವರ್ ಅಂತ ಸುತ್ತುವ ನಮ್ಮ ಅಭ್ಯಾಸ ಮನೆಯಲ್ಲೇ ಬಿಟ್ಟು ಬಟ್ಟೆ ಚೀಲ, ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ. ಮಿಲಿಟರಿಯವರ ಹಾಗಿರುವ ಕ್ಯಾಮೊಫ್ಲಾಜ್ ಬಟ್ಟೆ ಅಲ್ಲಿ ಸಾಮಾನ್ಯ ಜನ ಹಾಕುವ ಹಾಗಿಲ್ಲ. ಸಫಾರಿಗೆ ಅಂತ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅದನ್ನೇ ಕೊಂಡವರಿದ್ದರು. ಕಡುನೀಲಿ, ಕಪ್ಪು ಬಣ್ಣಕ್ಕೆ ತ್ಸೆತ್ಸೆ ಅನ್ನುವ ಕಚ್ಚುವ ನೊಣ ಬರುತ್ತದೆ. ನಮ್ಮ ಸಂಸ್ಥೆ ಕೊಟ್ಟ ಟೀ ಶರ್ಟ್ ಯಾವ ಬಣ್ಣದ್ದು ಅಂತ ಊಹಿಸಿ. ಹೌದು, ಕಡುನೀಲಿ.

ಸ್ವಯಂಸೇವೆಯೇ ಮುಖ್ಯ ಅನ್ನುವವರು ಇನ್ನೊಂದು ವಿಷಯದಲ್ಲಿ ಹುಷಾರಾಗಿರಿ. ದಕ್ಷಿಣ ಆಫ್ರಿಕಾದಲ್ಲಿ ಸಿಂಹದ ಮರಿಗೆ ಹಾಲು ಕುಡಿಸುವ, ಎತ್ತಿ ಮುದ್ದಾಡುವ ‘ವಾಲಂಟಿಯರ್’ ಕೆಲಸ ಮಾರುವವರಿದ್ದಾರೆ. ಹಾಗೆ ಬೆಳೆದ ಎಷ್ಟೋ ಸಿಂಹಗಳು ಕೊನೆಗೆ ಬೇಲಿಯೊಳಗೆ ದುಡ್ಡು ಕೊಟ್ಟು ಬೇಟೆಯಾಡುವವರ ಗುಂಡಿಗೆ ಹೋಗಿವೆ. ಮರಿ ಮುಟ್ಟಲು ಬಿಡುತ್ತಾರೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಮಕ್ಕಳಿಗೆ ಕಾಡಿನ ಪಾಠ ಹೇಳುವ ಆಸೆಯಷ್ಟೇ ಇದ್ದರೆ ಕೀನ್ಯಾದವರೆಗೆ ಹೋಗಬೇಕಾಗಿಲ್ಲ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರ ‘ವೈಲ್ಡ್ ಶಾಲೆ’ 2018ರಿಂದ ಬಂಡೀಪುರ, ನಾಗರಹೊಳೆ ಅಂಚಿನ ಶಾಲೆಗಳಿಗೆ ಹೋಗುತ್ತಿದೆ. ಅವರ ಪಾಠದ ಕ್ರಮ ನೋಡಿ. ಇಲ್ಲದಿದ್ದರೆ ಆನೇಕಲ್ ಬಸ್ ಹತ್ತಿ ನಮ್ಮ ಜೊತೆ ಬನ್ನಿ, ಟೀ ಶರ್ಟ್ ಕೊಡುವುದಿಲ್ಲ.

ಅಂಕ ಹಾಕಲೇಬೇಕಲ್ಲ. ನೈರೋಬಿ ಮತ್ತು ಸಫಾರಿಗೆ ನೂರಕ್ಕೆ ತೊಂಬತ್ತು, ಅದರಲ್ಲಿ ಅರ್ಧಕ್ಕರ್ಧ ಆ ಗೈಡ್‌ದು. ಹೊರಡುವ ಮುಂಚಿನ ವ್ಯವಸ್ಥೆಗೆ ಎಪ್ಪತ್ತು. ಸ್ವಯಂಸೇವೆಗೆ ಇಪ್ಪತ್ತೆಂಟು, ಆ ಮೇಷ್ಟ್ರ ಮುಖ ನೋಡಿ ಏಳು ಗ್ರೇಸ್ ಕೊಟ್ಟು ಪಾಸ್ ಮಾಡಿದ್ದೇನೆ. ಇದನ್ನೆಲ್ಲ ಸಂಸ್ಥೆಗೆ ಬರೆದು ಕಳಿಸಿದೆ. ಮುಂದಿನ ಬ್ಯಾಚನ್ನು ಜೂನ್‌ಗೆ ತರುತ್ತೇವೆ, ಟೀ ಶರ್ಟ್ ಬಣ್ಣ ಬದಲಾಯಿಸುತ್ತೇವೆ ಅಂತ ಉತ್ತರ ಬಂದಿದೆ. ಬಸ್ಸಿನ ವಿಷಯಕ್ಕೆ ಇನ್ನೂ ಏನೂ ಹೇಳಿಲ್ಲ, ಮತ್ತೆ ಕೇಳಿದ್ದೇನೆ.